ಬಂಗಡೆ ಮಾರಿದ ಸ್ಪೀಕರ್

ಶಿರವಾಡದಲ್ಲಿ ಕಾರಿಗೆ ಸ್ಪೀಕರ್ ಕೂರಿಸುತ್ತಿದ್ದ ಆ ಮೆಕ್ಯಾನಿಕ್‌ನ ಮುಖ ಈಗ ಸರಿಯಾಗಿ ನೆನಪಿಲ್ಲ. ಯಾರು ಬಂದರೂ ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು, "ಕೇಳೂ ಕಿವಿ ಯಾರ್ದು?" ಎನ್ನುತ್ತಿದ್ದ.

"ಅಪ್ಪಂದು," ಎಂದೆ. ನಮ್ಮ ಹಳೆಯ ಕಾರಿನ ಹಿಂದಿನ ಸ್ಪೀಕರುಗಳು ಉಪ್ಪುಗಾಳಿಗೆ ಹಾಳಾಗಿದ್ದವು. ಅಪ್ಪನಿಗೆ ಕಿವಿ ಮಂದ, ಆದರೆ ಅವರು ಅದನ್ನು ಒಪ್ಪುತ್ತಿರಲಿಲ್ಲ. ದಾರಿಯುದ್ದಕ್ಕೂ ಅವರು ಸುಮ್ಮನೆ ಕೂರುವುದು ತಪ್ಪಲೆಂದು ನನ್ನ ಆಸೆ. ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ.

ಅವನು ಜೊತೆಗೆ ಬಂದಿದ್ದ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕ್ಯಾಸೆಟ್ ಹಾಕಿದ. ಅದರಲ್ಲಿ ಹಾಡಿರಲಿಲ್ಲ, ಕಾರವಾರದ ಮೀನುಪೇಟೆಯಲ್ಲಿ ಅವನ ಹೆಂಡತಿ ಬಂಗಡೆ ಮಾರುವ ಕೂಗಿತ್ತು.

"ಹಾಡು ಸ್ಪೀಕರಿನ ತಪ್ಪು ಮುಚ್ಚಿಡ್ತದೆ ಸರ್. ನಮ್ಮನೆಯವ್ಳು ಯಾರ ತಪ್ಪೂ ಮುಚ್ಚೂದಿಲ್ಲ."

ಮೊದಲು ಹಾಕಿದ ದುಬಾರಿ ಸ್ಪೀಕರ್ ಜೋಡಿಯಲ್ಲಿ ಆಕೆ ಬರೀ ಗುಡುಗಿದಳು, ಅಪ್ಪ ಅಲುಗಲಿಲ್ಲ. ಅಗ್ಗದ ಜೋಡಿ ಹಾಕಿದೊಡನೆ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು: "ತಂಗಿ, ಬಂಗಡೆ ಹ್ಯಾಂಗ್ ಕೊಡ್ತೆ?"

"ಇದ್ನೇ ತಗೊಳ್ರಿ ಸರ್," ಎಂದ ಅವನು.

ಕ್ಯಾಸೆಟ್ಟನ್ನು ಅವನಾಗಿಯೇ ಕೊಟ್ಟನೋ, ನಾನೇ ಕೇಳಿ ತಂದೆನೋ, ಖಚಿತವಿಲ್ಲ. ಅಂಕೋಲೆ ತಲುಪುವವರೆಗೂ ಅಪ್ಪ ಚೌಕಾಶಿ ಮಾಡಿದರು. ಆಕೆ ಒಂದು ರೂಪಾಯಿಯೂ ಇಳಿಸಲಿಲ್ಲ.