ಒಂದು ತೊಟ್ಟೂ ಸೋರದ ಕಾರಿನಲ್ಲಿ ಪೂರಿಗಾಲಿಗೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಂಡ್ಯದ ಮನೆಗೆ ಬೀಗ ಹಾಕಿ ಹೊರಟೆವು. ಹೋಗಬೇಕಾಗಿದ್ದು ಮಳವಳ್ಳಿ ದಾಟಿ ಪೂರಿಗಾಲಿಗೆ, ನನ್ನ ತಮ್ಮ ಮಹದೇವನ ಮಗಳ ನಾಮಕರಣಕ್ಕೆ. ಹನ್ನೊಂದರೊಳಗೆ ಮುಹೂರ್ತ. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ತಮ್ಮನ ಹೆಂಡತಿ ಸುಧಾ ಕರೆಯಲು ಯಾವುದೋ ಹೊಸ ಹೆಸರು ಆರಿಸಿದ್ದಳು. "ಕಿವೀಲಿ ಮಾತ್ರ ಅವ್ವನ ಎಸ್ರೇ. ನೀನೇ ಬಂದು ಏಳ್ಬೇಕು ಕಣಕ್ಕ" ಎಂದು ತಮ್ಮ ಫೋನಿನಲ್ಲಿ ಅಂದಿದ್ದ. ಅವ್ವ ಚಿಕ್ಕತಾಯಮ್ಮ ಮೊಮ್ಮಗಳ ಮುಖ ನೋಡದೆ ಹೋದವಳು. ಆ ಒಂದು ಮಾತು ಹೇಳುವುದಕ್ಕೆ ನಾನು ತಿಂಗಳಿಂದ ಕಾದಿದ್ದೆ.

ಬಸ್ಸಿಗೆ ಹೋಗೋಣ ಎಂದು ಬಡಿದುಕೊಂಡೆ. ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಆದರೆ ನಮ್ಮ ಯಜಮಾನರಿಗೆ ಸುಧಾಳ ಮಾತು ಮುಳ್ಳಾಗಿ ನಾಟಿತ್ತು. ಹಿಂದಿನ ಸಲ ನಮ್ಮ ಹಳೇ ಕಾರು ಅವಳ ಹೊಸ ಅಂಗಳದಲ್ಲಿ ಎಂಜಿನ್ ಆಯಿಲ್ ಸೋರಿಸಿ, ರಂಗೋಲಿಯ ಮೇಲೆ ಕರೀ ಕಲೆ ಮಾಡಿತ್ತು. "ಮುಂದಿನ್ ಸಲ ಬಸ್ಸಲ್ಲೇ ಬನ್ನಿ ಭಾವ" ಎಂದುಬಿಟ್ಟಿದ್ದಳು. ಇವರಿಗೆ ಈಗ ಆ ಅಂಗಳದಲ್ಲೇ ಕಾರು ನಿಲ್ಲಿಸಬೇಕಿತ್ತು.

ಎಂಜಿನ್ನಿನ ಅಡಿಯಲ್ಲಿ ಆಯಿಲ್ ತುಂಬಿರುವ ತಟ್ಟೆಗೆ ಮೆಕ್ಯಾನಿಕ್ಕುಗಳು ಚೇಂಬರ್ ಅನ್ನುತ್ತಾರೆ. ಅದಕ್ಕೂ ಎಂಜಿನ್ನಿಗೂ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಹರಿದಿತ್ತು. ಹಿಂದಿನ ದಿನ ಇವರೂ ಇವರ ಗೆಳೆಯ ಪುಟ್ಟರಾಜುವೂ ಸೇರಿ ಚೇಂಬರ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಇಟ್ಟರು. ಭದ್ರವಾಗಲಿ ಎಂದು ಅದಕ್ಕೆ ಸಂದಿ ಮುಚ್ಚುವ ಪೇಸ್ಟು ಬೇರೆ. ಪುಟ್ಟರಾಜು ತೆಳ್ಳಗೆ ಬಳಿಯುತ್ತಿದ್ದ. "ಏನ್ಲಾ ಜುಗ್ಗ, ಬೀಗರಿಗೆ ತುಪ್ಪ ಬಡಿಸೋವಾಗ್ಲೂ ಇಂಗೇ ಕೈ ಬಿಗಿ ಇಡೀತೀಯಾ? ಸುರೀಲಾ!" ಎಂದು ಇವರು ಟ್ಯೂಬು ಕಿತ್ತುಕೊಂಡು ಪೂರ್ತಿ ಹಿಂಡಿದರು. ಕಮ್ಮಿ ಬಡಿಸುವುದೆಂದರೆ ನಮ್ಮ ಜನಕ್ಕೆ ಮಾನ ಹೋದಂತೆ, ಎಲೆಯಾದರೇನು, ಎಂಜಿನ್ನಾದರೇನು. ಬೋಲ್ಟು ಬಿಗಿದಾಗ ಹೊರಗೆ ಉಬ್ಬಿ ಬಂದ ಪೇಸ್ಟನ್ನು ಒರೆಸಿದರು. ಒಳಗೂ ಅಷ್ಟೇ ಉಬ್ಬಿರುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮದ್ದೂರಿನಲ್ಲಿ ಕಾಫಿ ಕುಡಿದು, ತಮ್ಮನ ಮನೆಗೆಂದು ವಡೆ ಕಟ್ಟಿಸಿಕೊಂಡೆವು. ಇವರು ರಸ್ತೆಯಲ್ಲೇ ಮಂಡಿಯೂರಿ ಕಾರಿನಡಿ ನೋಡಿದರು. "ನೋಡ್ದಾ? ಒಂದ್ ತೊಟ್ಟಿಲ್ಲ!" ಮದುವೆಯ ದಿನವೂ ಈ ಮುಖ ಅಷ್ಟು ಅರಳಿದ್ದು ನನಗೆ ನೆನಪಿಲ್ಲ.

ಅಲ್ಲಿಂದ ಮಳವಳ್ಳಿ ರಸ್ತೆ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು, ಆಗಲೇ ಸುಡುವ ಬಿಸಿಲು. ಕೆ.ಎಂ. ದೊಡ್ಡಿ ಇನ್ನೂ ಬಂದಿರಲಿಲ್ಲ, ಸ್ಟೇರಿಂಗಿನ ಹಿಂದೆ ಆಯಿಲ್ಲಿನ ಕೆಂಪು ದೀಪ ಹತ್ತಿತು. ಇಳಿದು ನೋಡಿದರೆ ನೆಲ ಒಣಗಿದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನನ್ನ ಕೈಗೆ ಕೊಟ್ಟರು. ಕರ್ಚೀಫಿನಲ್ಲಿ ಒರೆಸಿ ಅದ್ದಿ ನೋಡಿದೆವು, ಪೂರ್ತಿ ಇದೆ.

"ದೀಪ ಸುಳ್ಳೇಳ್ತದೆ ಕಣಮ್ಮಿ. ಸೋರೇ ಇಲ್ಲ ಅಂದ್ಮೇಲೆ ಇನ್ನೇನಾದದು?"

"ನನ್ನ ಇಲ್ಲೇ ಇಳ್ಸಿ, ಬಸ್ಸಿಗ್ ಓಯ್ತೀನಿ."

"ಕೂತ್ಕೊ ಸುಮ್ಕೆ. ಇವತ್ತು ಆ ಅಂಗಳ್ದಲ್ಲಿ ಗಾಡಿ ನಿಲ್ಸೇ ನಿಲ್ಸ್ತೀನಿ."

ದೊಡ್ಡಿ ದಾಟಿದ ಮೇಲೆ ಎಂಜಿನ್ನಿನಿಂದ ಕಟಕಟ ಸದ್ದು ಶುರುವಾಯಿತು. ಸ್ವಲ್ಪ ದೂರಕ್ಕೆ ಅದು ಕರ್ಕಶವಾಗಿ, ಕಾರು ಒಮ್ಮೆ ಜಗ್ಗಿ ನಿಂತಿತು. ಕೀಲಿ ತಿರುಗಿಸಿದರೆ ಎಂಜಿನ್ ಕದಲಲಿಲ್ಲ. ಇವರು ಮತ್ತೆ ಬಗ್ಗಿ ಕಾರಿನಡಿ ನೋಡಿದರು. ನನಗೆ ಅಲ್ಲೇ ಕೂಗಾಡಬೇಕು ಅನ್ನಿಸಿತು, ಕೂಗಾಡಿದೆ ಕೂಡ.

ಇವರು ಕಾರಿನ ಹತ್ತಿರವೇ ಉಳಿದರು, ನಾನೊಬ್ಬಳೇ ಬಸ್ಸಿಗೆ ಕೈ ಅಡ್ಡ ಹಿಡಿದೆ. ಮೊದಲ ಬಸ್ಸು ನಿಲ್ಲದೆ ಹೋಯಿತು. ಎರಡನೆಯದರಲ್ಲಿ ನಿಂತುಕೊಂಡು ಮಳವಳ್ಳಿ ಮುಟ್ಟುವಾಗ ಹನ್ನೊಂದೂವರೆ. ಫೋನು ಮಾಡಿದೆ, ಓಲಗದ ಸದ್ದಿನಲ್ಲಿ ಯಾರಿಗೂ ಏನೂ ಕೇಳಲಿಲ್ಲ. ಸ್ಟ್ಯಾಂಡಿನಲ್ಲಿ ಪೂರಿಗಾಲಿ ಬಸ್ಸಿರಲಿಲ್ಲ. ಆಟೊದವನು ಹೇಳಿದಷ್ಟಕ್ಕೆ ಒಪ್ಪಿ ಹತ್ತಿದೆ.

ಹೋದಾಗ ಮೊದಲ ಪಂಕ್ತಿಯ ಎಲೆ ತೆಗೆಯುತ್ತಿದ್ದರು. ತಮ್ಮ ಎದುರು ಬಂದ. "ಎಷ್ಟೊತ್ತು ಕಾಯನಕ್ಕ? ಐನೋರು ಇನ್ನೊಂದ್ ಮನೇಗ್ ಓಗ್ಬೇಕು ಅಂದ್ರು. ಸುಧನ ಅಕ್ಕನೇ ಕಿವೀಲಿ ಎಸ್ರು ಏಳುದ್ರು."

"ಅವ್ವನ ಎಸ್ರಾ?"

"ಇಲ್ಲ ಕಣಕ್ಕ." ಅವರು ಹೇಳಿದ್ದು ಹೊಸ ಹೆಸರನ್ನೇ.

ತೊಟ್ಟಿಲ ಹತ್ತಿರ ಹೋಗಿ ಬಗ್ಗಿದೆ. ಈಗಲಾದರೂ ಒಂದು ಸಲ ಹೇಳೋಣ ಎಂದುಕೊಂಡೆ. ಸುಧಾ ಅಡ್ಡ ಬಂದಳು. "ಈಗ್ತಾನೆ ನಿದ್ದೆ ಬಂದದೆ ಅತ್ಗೆ. ಕೈಯೆಲ್ಲ ಆಯಿಲ್ ಅದೆ ನೋಡಿ, ಮುಟ್ಬ್ಯಾಡಿ." ನಿಜ, ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು. ವಡೆಯ ಪೊಟ್ಟಣ ಕೊಟ್ಟು, ಉಂಡ ಶಾಸ್ತ್ರ ಮಾಡಿ ಎದ್ದೆ.

ಸಂಜೆ ದೊಡ್ಡಿಯಲ್ಲಿ ಇಳಿದೆ. ಇವರು ಕಾರನ್ನು ಅಲ್ಲಿನ ಗ್ಯಾರೇಜಿಗೆ ಎಳೆಸಿದ್ದರು. ಗ್ಯಾರೇಜಿನವನು ಚೇಂಬರ್ ಬಿಚ್ಚಿಟ್ಟಿದ್ದ. ಆಯಿಲ್ ಹೀರುವ ಜಾಲರಿಗೆ ಒಳಗೆ ಉದುರಿದ ಪೇಸ್ಟು ಶಾವಿಗೆಯ ಹಾಗೆ ಸುತ್ತಿಕೊಂಡಿತ್ತು. "ಆಯಿಲ್ ಇತ್ತು, ಮೇಲಕ್ ಅತ್ನಿಲ್ಲ. ಎಂಜಿನ್ ಒಣಗಿ ಇಡ್ಕಬುಡ್ತು" ಎಂದು ನಕ್ಕ. "ನಾನೂವೆ ಇಂಗೇ ಮೆತ್ತಿ ಒಂದ್ ಗಾಡಿ ಕೆಡ್ಸಿವ್ನಿ ಬುಡಿ."

ಕಾರನ್ನು ಅಲ್ಲೇ ಬಿಟ್ಟು ಮಂಡ್ಯದ ಬಸ್ಸು ಹತ್ತಿದೆವು. ಇವರು ಮಗುವಿನ ಸುದ್ದಿ ಕೇಳಲಿಲ್ಲ. ಮದ್ದೂರು ದಾಟಿದ ಮೇಲೆ ಹೇಳಿದರು: "ಏನೇ ಅನ್ನು, ಬಿಚ್ಚೋಗಂಟ ಒಂದ್ ತೊಟ್ಟೂ ಸೋರ್ನಿಲ್ಲ ಕಣಮ್ಮಿ."

ನಾನು ಮುಖ ತಿರುಗಿಸಿ, ಬಸ್ಸಿನ ಕಿಟಕಿಯ ಗಾಜಿಗೆ ಬಾಯಿ ಹಚ್ಚಿ, "ಚಿಕ್ಕತಾಯಮ್ಮ" ಎಂದೆ.