ಮೋರಿ ಆಮೇಲೆ, ಮೊದಲು ಒರಳುಕಲ್ಲು

ಆ ಮಳೆಗಾಲ ನಾನು ಬಾಗಲಗುಂಟೆಯ ನಮ್ಮ ಬೀದಿಗೆ ಸೊಳ್ಳೆ ನಿಯಂತ್ರಣದ ಸ್ವಯಂಸೇವಕಿ. ಕೈಗೆ ಸಿಕ್ಕಿದ್ದು ಒಂದು ಟಾರ್ಚು, ಒಂದು ಸೌಟು, ಜೊತೆಗೆ ಎಲ್ಲರಿಗೂ ಬುದ್ಧಿ ಹೇಳುವ ಹಕ್ಕು. ಆ ಹಕ್ಕನ್ನು ನಾನು ಹುಟ್ಟಿದಾಗಿನಿಂದಲೂ ಚಲಾಯಿಸುತ್ತಿದ್ದೆ ಅನ್ನುವುದು ಬೇರೆ ಮಾತು.

ಹೆಲ್ತ್ ಇನ್ಸ್‌ಪೆಕ್ಟರ್ ಮೊದಲೇ ಹೇಳಿದ್ದರು: "ಜನ ಕಮ್ಮಿ ಇದಾರೆ ಮೇಡಂ. ಈ ವಾರ ನಿಮ್ ಬೀದಿಗೆ ಒಂದೇ ಕೆಲಸ. ಯಾವ್ದು ಮೊದಲು ಅಂತ ನೀವೇ ತೀರ್ಮಾನ ಮಾಡಿ." ಬೀದಿಯವರು ಒಕ್ಕೊರಲಿನಿಂದ ಮೋರಿಗೆ ಹೊಗೆ ಹೊಡೆಸಿ ಎಂದರು. ಎಲ್ಲರಿಗಿಂತ ಜೋರು ಮೂಲೆಮನೆ ಅಜ್ಜಿಯದು. ಬಸುರಿ ಮೊಮ್ಮಗಳು ಹೆರಿಗೆಗೆ ಬರಲು ಹದಿನೈದು ದಿನವಿತ್ತು, ಬೀದಿಯಲ್ಲಿ ಆಗಲೇ ಇಬ್ಬರಿಗೆ ಡೆಂಗಿ. ಅಜ್ಜಿಗೆ ನಿದ್ದೆಯೇ ಹಾರಿಹೋಗಿತ್ತು.

"ಮೋರಿ ಆಮೇಲೆ. ಮೊದಲು ಒರಳುಕಲ್ಲು" ಎಂದೆ. ಎಲ್ಲರೂ ಘೊಳ್ಳೆಂದು ನಕ್ಕರು.

ಮಿಕ್ಸಿ ಬಂದ ಮೇಲೆ ಬೀದಿಯ ಹಳೇ ಮನೆಯವರು ಒರಳನ್ನು ಗೇಟಿನ ಪಕ್ಕ ಕೂರಿಸಿದ್ದರು. ಎಸೆಯಲು ಮನಸ್ಸಿಲ್ಲ, ಬಳಸಲು ಪುರುಸೊತ್ತಿಲ್ಲ. ಅದರ ಬೆನ್ನಿಗೆ ಮೂರು ಮಹಡಿಯ ಮನೆ ಎದ್ದರೂ ಒರಳು ಮಾತ್ರ ಹೊಟ್ಟೆತುಂಬ ಮಳೆನೀರು ಕುಡಿದು ಕೂತೇ ಇತ್ತು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ, ಮೋರಿಯ ಕೊಳಕಿನಲ್ಲಲ್ಲ. ಅಜ್ಜಿಯ ಒರಳಿನಿಂದ ಒಂದು ಸೌಟು ಎತ್ತಿ ಟಾರ್ಚು ಬಿಟ್ಟೆ. ಮರಿಹುಳುಗಳು ಥಕಥಕ ಕುಣಿಯುತ್ತಿದ್ದವು.

"ಮಗುಚಿ ಹಾಕ್ಬಿಡೋಣ ಅಜ್ಜಿ."

"ಅನ್ನ ಕೊಟ್ಟ ಕಲ್ಲು ಕಣವ್ವಾ! ಬಾಯಿ ಕೆಳಗೆ ಮಾಡಿ ಮಲಗ್ಸೋದಾ? ಅದೂ ಮನೇಲಿ ಎರಿಗೆ ಇಟ್ಕೊಂಡು?"

ನನಗೆ ಸಿಟ್ಟು ಮೂಗಿನ ತುದಿಗೆ ಬಂತು. ಹೊಗೆ ಬೇಡವೆಂದು ಬೀದಿಯನ್ನೆಲ್ಲ ಎದುರು ಹಾಕಿಕೊಂಡವಳು ನಾನು. ಅಜ್ಜಿ ಮಾತ್ರ ಸೌಟನ್ನೇ ನೋಡುತ್ತ ನಿಂತಿದ್ದರು.

"ಕಲ್ಲು ಸುಮ್ನೆ ಕುಂತಿದ್ದಕ್ಕೇ ಇಂಗಾಗಿರೋದು" ಎಂದವರೇ ಸೆರಗು ಸಿಕ್ಕಿಸಿ, ನೀರು ಬಳಿದು, ಮಳೆ ಬಿಟ್ಟು ಬಿಸಿಲಿಗೆ ಕಾದಿದ್ದ ರಸ್ತೆಗೆ ಚೆಲ್ಲಿ, ಕಲ್ಲನ್ನು ಗಸಗಸ ಉಜ್ಜಿ, ಹುಚ್ಚೆಳ್ಳು ಚಟ್ನಿ ರುಬ್ಬಲು ಕೂತರು!

ಘಮ ಬೀದಿಯುದ್ದಕ್ಕೂ ಹೋಯಿತು. ಎದುರುಮನೆಯವರು ಬಿಟ್ಟಾರೆಯೇ? ಮರುದಿನವೇ ಅಲ್ಲಿ ಕಾಯಿಚಟ್ನಿ, ಪಕ್ಕದಲ್ಲಿ ಹುರಿಗಡಲೆ. ವಾರಕ್ಕೊಮ್ಮೆ ರುಬ್ಬಿ, ತೊಳೆದು, ಬಟ್ಟೆಯಲ್ಲಿ ಒರೆಸಿದರೆ ಸಾಕು, ಹುಳಕ್ಕೆ ರೆಕ್ಕೆ ಮೂಡುವಷ್ಟು ಸಮಯ ಸಿಗುವುದಿಲ್ಲ. ನಾನು ದೋಸೆ ತಟ್ಟೆ ಹಿಡಿದು ಗೇಟಿನಿಂದ ಗೇಟಿಗೆ ತಪಾಸಣೆ ಮಾಡಿದೆ. ಇನ್ಸ್‌ಪೆಕ್ಟರ್ ಕೊಟ್ಟ ಫಾರಂನ 'ಕೈಗೊಂಡ ಕ್ರಮ' ಎಂಬಲ್ಲಿ 'ಚಟ್ನಿ' ಎಂದು ಬರೆಯುವಾಗ ನಗು ತಡೆಯಲಾಗದೆ ಅಕ್ಷರವೇ ಸೊಟ್ಟಗಾಯಿತು.

ಮೊಮ್ಮಗಳು ಬಂದ ದಿನ ಅಜ್ಜಿ ನನ್ನನ್ನು ಕರೆಸಿದರು. ಒರಳಿಗೆ ಟಾರ್ಚು ಬಿಟ್ಟೆ. ತಳದಲ್ಲಿ ಏನೋ ಕಂಡು ಟಾರ್ಚನ್ನು ಇನ್ನೂ ಹತ್ತಿರ ಹಿಡಿದೆ. ಬೆರಳಿಂದ ಮುಟ್ಟಿದೆ. ಮೆಣಸಿನಕಾಯಿ ಬೀಜ!

ಮೂವರೂ ನಕ್ಕೆವು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ಅಲ್ಲೇ ಜಗುಲಿಗೆ ಒರಗಿ ಕಾಲು ಚಾಚಿದರು.

"ಇವತ್ತು ನಿದ್ದೆ ಬತ್ತದೆ ಕಣವ್ವಾ" ಎಂದರು. "ಮೋರಿ ನಾಳಿಕ್ಕೆ ನೋಡಾನ."