ದೀರ್ಘವಿಲ್ಲದ ‘ಇಲ್ಲೆ’

ಮಾಸ್ತಿಕಟ್ಟೆಗೆ ಬಂದ ಮೊದಲ ಬೆಳಿಗ್ಗೆ ನಾನು ಪಕ್ಕದ ಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ಅರ್ಧ ತಾಸು ನಿಂತಿದ್ದೆ. ಹಾಲು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆ. ಒಳಗಿನಿಂದ ಒಬ್ಬ ಹೆಂಗಸು ಮುಖ ತೋರಿಸದೆಯೇ ‘ಹಾಲು ಇಲ್ಲೆ’ ಅಂದಿದ್ದಳು. ಗದಗಿನವನ ಕಿವಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ? ಇಲ್ಲೇ ಅಂದರೆ ಇಲ್ಲಿಯೇ. ಇಲ್ಲಿಯೇ ಅಂದಮೇಲೆ ಕಾಯಬೇಕು. ಕಾದೆ. ಮಂಜು ಬಂದು ಎದುರಿನ ಕ್ವಾರ್ಟರ್ಸ್ ಸಾಲನ್ನು ನುಂಗಿತು. ಎಲ್ಲಿಯೋ ಸೈರನ್ ಕೂಗಿತು, ಬಂಡೆ ಸಿಡಿಯಿತು, ಕಾಲ ಕೆಳಗಿನ ನೆಲ ನಡುಗಿತು, ಕೈಯಲ್ಲಿದ್ದ ಪಾತ್ರೆಯ ಮುಚ್ಚಳ ತನ್ನಷ್ಟಕ್ಕೆ ತಾಳ ಹಾಕಿತು.

ಕಸ ಚೆಲ್ಲಲು ಹೊರಬಂದ ಆಕೆ ನನ್ನನ್ನು ಕಂಡು ಬೆಚ್ಚಿದಳು.

‘ಅಯ್ಯೋ, ಇನ್ನೂ ಎಂತಕ್ಕೆ ನಿಂತಿದ್ರಿ? ಹಾಲು ಇಲ್ಲೆ ಹೇಳಿ ಆಗ್ಲೇ ಹೇಳಿದ್ನಲ!’

‘ಇಲ್ಲೇ ಅಂದ್ರಲ್ರೀ, ಅದಕ್ಕ ಇಲ್ಲೇ ನಿಂತೀನಿ.’

ಆಕೆ ಕಸದ ಬುಟ್ಟಿ ಕೆಳಗಿಟ್ಟು ನಕ್ಕಳು. ಅವರ ಮನೆಮಾತಿನಲ್ಲಿ ‘ಇಲ್ಲೆ’ ಅಂದರೆ ಇಲ್ಲ. ‘ಇದ್ದು’ ಅಂದರೆ ಇದೆ. ಗದಗಿನ ನನ್ನ ಊರವರೇ, ಯೋಚಿಸಿ ನೋಡಿ. ನಾವು ಇರುವುದನ್ನು ತೋರಿಸುವ ಶಬ್ದದಲ್ಲಿ ಇವರು ಇಲ್ಲದ್ದನ್ನು ಹೇಳುತ್ತಾರೆ. ಅಂದು ನನಗೂ ಅದು ತಮಾಷೆಯೇ. ಸಂಜೆ ಹೆಂಡತಿಯ ಮುಂದೆ ಆಕೆಯ ದನಿಯಲ್ಲೇ ಮೂರು ಸಲ ಆಡಿ ತೋರಿಸಿದ್ದೆ.

ಹೆಂಡತಿ ಶಾಂತಾ ಇಲ್ಲಿಯ ವಾರಾಹಿ ಯೋಜನೆಯ ದವಾಖಾನೆಯಲ್ಲಿ ನರ್ಸ್. ಅಣೆಕಟ್ಟು ಏಳುತ್ತಿದೆ, ಸುರಂಗ ಕೊರೆಯುತ್ತಿದ್ದಾರೆ, ದಿನಕ್ಕೊಬ್ಬರಾದರೂ ಬೆರಳೋ ಕಾಲೋ ಜಜ್ಜಿಕೊಂಡು ಬರುತ್ತಾರೆ. ಅವಳಿಗೆ ಕೈತುಂಬ ಕೆಲಸ. ನಾನು ಬಂದದ್ದು ಅವಳ ಟ್ರಂಕು, ಹಾಸಿಗೆ, ಸ್ಟೋವುಗಳ ಜೊತೆಗೆ ಒಂದು ಸಾಮಾನಾಗಿ. ಕಾಲೊನಿಯಲ್ಲಿ ನನ್ನ ಹೆಸರೇ ‘ಸಿಸ್ಟರ ಗಂಡ’. ನನ್ನ ವೃತ್ತಿ ಕೇಳಿದರೆ ಬರವಣಿಗೆ ಅನ್ನುತ್ತೇನೆ. ಏನು ಬರೆದಿದ್ದೀರಿ ಅಂದರೆ ಕೇಳಿದವರದೇ ದನಿಯಲ್ಲಿ ‘ಏನು ಬರೆದಿದ್ದೀರಿ?’ ಅನ್ನುತ್ತೇನೆ. ಅವರು ನಗುತ್ತಾರೆ, ನಾನು ಪಾರಾಗುತ್ತೇನೆ. ಹುಟ್ಟಿದಾಗಿನಿಂದ ನಾನು ಪಾರಾಗಿರುವುದು ಹೀಗೆಯೇ. ಗದಗಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರು, ಕಂಡಕ್ಟರು, ಚಹಾದಂಗಡಿಯ ಅಣ್ಣ, ಎಲ್ಲರ ದನಿ ತೆಗೆದು ಮೂರು ವರ್ಷವೂ ಅನುಕರಣೆ ಸ್ಪರ್ಧೆಯ ಕಪ್ಪು ಗೆದ್ದವನು. ‘ನಿಮಗ ಎಲ್ಲಾರ ಮಾತೂ ಬರತಾವ, ನಿಮ್ಮ ಮಾತೊಂದು ಬರೂದಿಲ್ಲ’ ಎಂದು ಮದುವೆಯಾದ ತಿಂಗಳಲ್ಲೇ ಶಾಂತಾ ಕಂಡುಹಿಡಿದಳು.

ಟ್ರಂಕಿನಲ್ಲಿ ನನ್ನ ಸಾಹಿತ್ಯವಿದೆ. ಏಳು ಮೊದಲ ಅಧ್ಯಾಯಗಳಿರುವ ಒಂದು ಕಾದಂಬರಿ. ಒಂದು ನಾಟಕ, ಅದರ ಎರಡನೇ ಅಂಕದಲ್ಲಿ ನೀರು ತರಲು ಹೋದ ಪಾತ್ರಧಾರಿ ಮೂರು ವರ್ಷವಾದರೂ ಮರಳಿಲ್ಲ, ಉಳಿದವರು ಬಾಯಾರಿ ಕುಳಿತಿದ್ದಾರೆ. ಬರೆಯಲು ಕುಳಿತರೆ ಏಳಲಾರೆ, ಎದ್ದರೆ ಮರಳಿ ಕೂರಲಾರೆ. ಒಂದು ದಿನ ಅನ್ನ ಸೀದು ಹೊಗೆ ಅಡುಗೆಮನೆಯಿಂದ ಆಚೆ ಬಂದಿದೆ. ನಾನು ಒಂದೇ ವಾಕ್ಯದ ಹದಿನಾರನೇ ತಿದ್ದುಪಡಿಯಲ್ಲಿದ್ದೆ. ದವಾಖಾನೆಯಿಂದ ಬಂದ ಶಾಂತಾ, ‘ಏನ್ರೀ, ಮೂಗನ್ನೂ ಟ್ರಂಕಿನ್ಯಾಗ ಇಟ್ಟೀರೇನು?’ ಅಂದಳು. ನಗಲಿಲ್ಲ. ನಗದೆ ಹೇಳಿದ್ದು ಅದೇ ಮೊದಲು.

ನಿಮ್ಮಲ್ಲಿ ಬಿಸಿಲು. ಎಷ್ಟು ದೂರದವರೂ ಕಾಣುತ್ತಾರೆ. ಯಾರು ಬರುತ್ತಿದ್ದಾರೆ, ಯಾವ ದನಿಗೆ ಸಿದ್ಧವಾಗಬೇಕು ಎಂದು ಮೊದಲೇ ಗೊತ್ತಾಗುತ್ತದೆ. ಇಲ್ಲಿ ಮಂಜಿನೊಳಗಿಂದ ಮನುಷ್ಯರು ಮಾರು ದೂರದಲ್ಲಿ ಹಠಾತ್ತನೆ ಹುಟ್ಟಿ ‘ಎಂತ ಮಾರಾಯ್ರೇ’ ಅನ್ನುತ್ತಾರೆ. ಜೋಳದ ಹಿಟ್ಟಿಗೆ ಶಿವಮೊಗ್ಗಕ್ಕೆ ಹೋಗಬೇಕು. ಕಡುಬು ಎಂದರೆ ಇಲ್ಲಿ ಅಕ್ಕಿಯ ಉಂಡೆ, ಒಳಗೆ ಹೂರಣವಿಲ್ಲ. ಮೊದಲ ಸಲ ಮುರಿದು ಒಳಗೆ ಹುಡುಕಿ ನಗೆಪಾಟಲಾದೆ. ನನಗಂತೂ ಮೂರು ಹೊತ್ತೂ ಒಂದೇ ಊಟ, ಒಂದೇ ತಟ್ಟೆ ಬೇಕು. ಮಗಳು ಕಸ್ತೂರಿಗೂ ಹಾಗೆಯೇ.

ಕಸ್ತೂರಿಗೆ ಆಗ ಆರು. ಕಾಲೊನಿಯ ಶಾಲೆಗೆ ಹಾಕಿದೆವು. ಗಂಟೆ ಹೊಡೆದೊಡನೆ ಕಿವಿ ಮುಚ್ಚಿ ಓಡಿಬರುತ್ತಿದ್ದಳು. ಮೇಷ್ಟ್ರು ‘ನಿನ್ನ ಹೆಸರೇನು?’ ಅಂದರೆ ಅದೇ ರಾಗದಲ್ಲಿ ‘ನಿನ್ನ ಹೆಸರೇನು?’ ಅನ್ನುತ್ತಿದ್ದಳು. ಮಗು ಉದ್ಧಟ ಎಂದರು. ಶಾಂತಾ ಘಾಟಿ ಇಳಿಸಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ನಾನೂ ಹೋದೆ. ಡಾಕ್ಟರು ಒಂದು ಚೀಟಿಯ ಮೇಲೆ ‘ಆಟಿಸಮ್’ ಎಂದು ಬರೆದರು. ಆ ಶಬ್ದ ನಾವು ಕೇಳಿರಲಿಲ್ಲ. ಲಕ್ಷಣಗಳನ್ನು ಒಂದೊಂದಾಗಿ ವಿವರಿಸಿದರು. ಒಂದೇ ಊಟ, ಒಂದೇ ಅಂಗಿ. ಹಠಾತ್ ಸದ್ದಿಗೆ ಕಂಗಾಲು. ಹಿಡಿದ ಕೆಲಸ ಬಿಡಲಾಗದು, ಬಿಟ್ಟದ್ದು ಹಿಡಿಯಲಾಗದು. ಮಂದಿ ಆಡಿದ್ದನ್ನೇ ಮಂದಿಯ ದನಿಯಲ್ಲಿ ತಿರುಗಿ ಆಡುವುದು. ಅಲ್ಲಿಗೆ ಬರುವಷ್ಟರಲ್ಲಿ ಶಾಂತಾ ಮಗಳನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು. ಡಾಕ್ಟರೂ ನೋಡಿದರು.

‘ನನಗ ಇದಕ್ಕ ಮೂರು ಕಪ್ಪು ಕೊಟ್ಟಾರ್ರೀ’ ಅಂದೆ. ‘ಮಗಳಿಗೆ ಚೀಟಿ ಕೊಟ್ರಿ.’

ಯಾರೂ ನಗಲಿಲ್ಲ. ಡಾಕ್ಟರು ಪೆನ್ನು ಮುಚ್ಚಿ, ‘ಹಾಗಿದ್ದರೆ ಅವಳಿಗೆ ಕಲಿಸಲು ನಿಮಗಿಂತ ಬೇರೆಯವರು ಬೇಡ’ ಎಂದರು. ಹೊಗಳಿದರೋ ಶಿಕ್ಷೆ ಕೊಟ್ಟರೋ ಇಂದಿಗೂ ತಿಳಿದಿಲ್ಲ.

ಶಾಲೆಯ ಹೆಡ್ ಮಾಸ್ಟರು ಸಾಗರದ ಕಡೆಯವರು, ಕೆಟ್ಟವರಲ್ಲ. ‘ಒಂದು ವರ್ಷ ಮನೇಲೇ ಕಲಿಸಿ. ಜೂನಿಗೆ ಬರ್ಲಿ. ಹಾಜರಿ ಕರೆದಾಗ ಒಂದು ಮಾತು ಹೇಳಿದ್ರೆ ಸಾಕು, ಸೇರಿಸ್ಕೊಳ್ತೀನಿ’ ಅಂದರು. ಗದಗಿನಿಂದ ಅತ್ತೆಯ, ಅಂದರೆ ಶಾಂತಾಳ ತಾಯಿಯ, ಪತ್ರವೂ ಬಂತು. ಅತ್ತೆ ನಾಲ್ಕನೇ ಇಯತ್ತೆ ಓದಿದವರು. ಅವರ ಬರಹದಲ್ಲಿ ಅಕ್ಷರದ ಪಕ್ಕಕ್ಕೆ ಹಾಕುವ ದೀರ್ಘದ ಗುರುತೇ ಇರುವುದಿಲ್ಲ. ‘ಮಳೆ ಬಂತೇ’ ಅನ್ನುವುದೂ ಅವರ ಕೈಯಲ್ಲಿ ‘ಮಳೆ ಬಂತೆ’. ಜೂನಿನಲ್ಲಿ ಶಾಲೆ ಸೇರದಿದ್ದರೆ ಕೂಸನ್ನು ತಾವು ಕರೆದೊಯ್ಯುವುದಾಗಿಯೂ, ಮನೆಯಲ್ಲೇ ಇರುವ ನಿವೃತ್ತ ಮಾಸ್ತರರಾದ ತಮ್ಮ ಅಣ್ಣ ಕಲಿಸುವುದಾಗಿಯೂ ಬರೆದಿದ್ದರು. ಶಾಂತಾ ಅದನ್ನು ಮಡಚಿ, ‘ಒಂದು ಮಾತು ಅಷ್ಟಽ ಕಲಿಸ್ರಿ’ ಅಂದಳು. ‘ಒಂದಽ.’

ಹೀಗೆ ನಮ್ಮ ಮನೆಯಲ್ಲಿ ಶಾಲೆ ಶುರುವಾಯಿತು. ಒಂದು ಮೇಜು, ಆ ಬದಿ ಅವಳು, ಈ ಬದಿ ನನ್ನ ಕಾದಂಬರಿ. ನನ್ನ ದನಿಯಲ್ಲಿ ಹೇಳಿದ್ದು ಅವಳ ತಲೆಗೆ ಹೋಗುತ್ತಿರಲಿಲ್ಲ. ಕಂಡಕ್ಟರನ ದನಿ ತೆಗೆದು ‘ಯಾರ್ರೀ ಹೊಸನಗರ, ಸಾಗರ, ಸಾಗರ! ರೈಟ್!’ ಅಂದರೆ ಕಣ್ಣು ಅರಳುತ್ತಿತ್ತು. ಹಳೆಯ ಬಸ್ ಟಿಕೆಟುಗಳನ್ನು ಸಾಲಾಗಿಟ್ಟು ಕೂಡಿಸಲು ಕಲಿತಳು. ಬಸ್ಸಿನ ಬೋರ್ಡು ನೋಡಿ ‘ತೀರ್ಥಹಳ್ಳಿ’ ಎಂದು ಓದಿದ ದಿನ ನಾನು ಕುಣಿದೆ. ಆದರೆ ಓದಿದ್ದು ಬೇರೆ, ಆಡುವುದು ಬೇರೆ. ತನ್ನದೆಂದು ಆಡಬೇಕಾದ ಮಾತಿಗೆ ಅವಳಿಗೆ ಒಂದು ಪುಟ ಬೇಕಿತ್ತು.

ಅದಕ್ಕೆ ಅವಳಿಗಾಗಿಯೇ ಒಂದು ಅಕ್ಷರಮಾಲೆ ಪುಸ್ತಕ ಬರೆಯತೊಡಗಿದೆ. ಅ ಎಂದರೆ ಅಪ್ಪ. ಇ ಎಂದರೆ ಇಲ್ಲೇ. ಹಾಸಿಗೆಯ ಹಿಂದೆ ಅಡಗಿ ಆಡುವಾಗ ‘ಎಲ್ಲಿದ್ದೀಯವಾ?’ ಅಂದರೆ ಅವಳು ಅನ್ನುವ ಮಾತು. ಅಃ ಎಂದರೆ ಬಂಡೆ ಸಿಡಿದಾಗ ನಾವಿಬ್ಬರೂ ಅನ್ನುವುದು. ಪುಟ ಬರೆದು ಅವಳ ಕೈಗಿತ್ತರೆ ಆ ಶಬ್ದ ಅವಳದಾಗುತ್ತಿತ್ತು, ಪುಟವಿಲ್ಲದ ಶಬ್ದ ಬಾಯಿಗೇ ಬರುತ್ತಿರಲಿಲ್ಲ. ಕ, ಖ, ಗ, ಘ ಆಯಿತು. ಆಮೇಲೆ ಙ ಬಂತು.

ಙ ಇಂದ ಶುರುವಾಗುವ ಶಬ್ದ ಕನ್ನಡದಲ್ಲಿಲ್ಲ. ಶಾಲೆಯ ಪುಸ್ತಕಗಳು ಅಲ್ಲಿ ಏನೂ ಆಗದವರಂತೆ ಮುಂದೆ ಜಾರುತ್ತವೆ. ನನ್ನಿಂದ ಆಗಲಿಲ್ಲ. ಅಕ್ಷರವನ್ನು ಸಾಲಿನಲ್ಲಿ ನಿಲ್ಲಿಸಿ ಅದಕ್ಕೊಂದು ಶಬ್ದ ಕೊಡದೆ ಹೋಗುವುದು ಹೇಗೆ? ನಿಘಂಟು ತಿರುವಿದೆ. ಹೊಸನಗರದ ಲೈಬ್ರರಿಗೆ ಹೋದೆ. ನವೆಂಬರ್ ಹೋಯಿತು, ಸಂಕ್ರಾಂತಿ ಹೋಯಿತು. ಪುಸ್ತಕ ಙ ಮುಂದೆ ನಿಂತೇ ಇತ್ತು.

ಪಕ್ಕದ ಮನೆಯ ಆಕೆ, ಹಾಲಿಲ್ಲದ ಭಾಗೀರಥಕ್ಕ, ಆ ಹೊತ್ತಿಗೆ ನಮ್ಮವರೇ ಆಗಿದ್ದರು. ಅವರ ಗಂಡ ಯೋಜನೆಯ ಸ್ಟೋರಿನಲ್ಲಿದ್ದರು. ತವರು ಬ್ಯಾಕೋಡಿನ ಕಡೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಮನೆ ಬಿಟ್ಟೆದ್ದವರು. ‘ಒಂದು ಅಣೆಕಟ್ಟು ಎಂಗ್ಳನ್ನ ಎಬ್ಬಿಸ್ತು, ಇನ್ನೊಂದು ಊಟ ಹಾಕ್ತಾ ಇದ್ದು’ ಎಂದು ಹಪ್ಪಳ ಒಣಗಿಸುತ್ತಾ ಹೇಳುವರು, ದೂರೂ ಇಲ್ಲ, ಕೃತಜ್ಞತೆಯೂ ಇಲ್ಲ. ನನ್ನ ಙ ಸಂಕಟ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

‘ಹಾರಿ ಹೋಗಿ ಮಾರಾಯ್ರೇ. ಆ ಅಕ್ಷರದ ಮನೇಲಿ ಯಾರೂ ಇಲ್ಲೆ.’

‘ಹಂಗ ಹಾರಾಕ ಬರೂದಿಲ್ಲಕ್ಕಾ.’

‘ಕೂಸು ದಾಟ್ಬೇಕೋ, ನಿಂಗ್ಳ ಅಕ್ಷರ ದಾಟ್ಬೇಕೋ?’

ನಾನು ಅವರದೇ ದನಿಯಲ್ಲಿ ಆ ಪ್ರಶ್ನೆಯನ್ನು ತಿರುಗಿ ಕೇಳಿದೆ. ಅವರು ನಕ್ಕು ಒಳಗೆ ಹೋದರು. ಪಾರಾದೆ.

ಹಾಜರಿಗೆ ಶಾಲೆಯಲ್ಲಿ ‘ಹಾಜರ್ ಸಾರ್’ ಅನ್ನಬೇಕು. ಹ ಎಲ್ಲಿ, ಙ ಎಲ್ಲಿ! ನಡುವೆ ಇನ್ನೂ ಇಪ್ಪತ್ತೇಳು ಅಕ್ಷರ. ಏಪ್ರಿಲ್ ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಇ ಪುಟ ಇದೆಯಲ್ಲ! ಹೆಸರು ಕರೆದಾಗ ‘ಇಲ್ಲೇ’ ಅಂದರೂ ಇದ್ದೇನೆ ಎಂದೇ ಅರ್ಥ. ಹೆಡ್ ಮಾಸ್ಟರ ದನಿ ತೆಗೆದು ದಿನಕ್ಕೆ ಇಪ್ಪತ್ತು ಸಲ ‘ಕಸ್ತೂರೀ’ ಎಂದು ಕರೆದೆ. ಇಪ್ಪತ್ತು ಸಲವೂ ‘ಇಲ್ಲೇ’ ಅಂದಳು. ಆ ಮೊದಲ ದಿನದ ಹಾಲು ನೆನಪಿಗೆ ಬರಲಿಲ್ಲವೆ? ಬಂತು. ಅವರದು ಚಿಕ್ಕದು, ನಮ್ಮದು ದೊಡ್ಡದು, ಕೊನೆಯ ದೀರ್ಘ ನಮ್ಮನ್ನು ಕಾಯುತ್ತದೆ ಎಂದುಕೊಂಡೆ. ಒಂದು ದೀರ್ಘದ ಮೇಲೆ ಮಗಳನ್ನು ನಿಲ್ಲಿಸಿ ನಾನು ಮತ್ತೆ ಙ ಹುಡುಕಲು ಹೋದೆ.

ಜೂನಿನ ಆ ಬೆಳಿಗ್ಗೆ ಅತ್ತೆ ಗದಗಿನಿಂದ ಬಂದು ಮನೆಯಲ್ಲಿ ಕುಳಿತಿದ್ದರು. ಶಾಂತಾ ದವಾಖಾನೆಗೆ ರಜೆ ಹಾಕಿ ನನ್ನ ಜೊತೆ ತರಗತಿಯ ಕಿಟಕಿಯಾಚೆ ನಿಂತಳು. ಹೆಡ್ ಮಾಸ್ಟರು ಪಾಪ, ಗಂಟೆ ಹೊಡೆಸದೆ ಮೆಲ್ಲಗೆ ಹಾಜರಿ ಶುರು ಮಾಡಿದರು. ಸುತ್ತ ನಲವತ್ತು ಮಕ್ಕಳು. ಎದುರಿಗೆ ನಾನು ಅನುಕರಿಸಿದ ದನಿಯ ನಿಜವಾದ ಒಡೆಯ.

‘ಕಸ್ತೂರಿ.’

ಅವಳು ಎದ್ದು ನಿಂತಳು. ತುಟಿ ಅಲುಗಿತು. ಹೆದರಿದ ಬಾಯಿ ಶಬ್ದದ ಬಾಲವನ್ನು ಕಚ್ಚಿಹಾಕಿತು.

‘ಇಲ್ಲೆ.’

ಹೆಡ್ ಮಾಸ್ಟರ ಮನೆಮಾತೂ ಭಾಗೀರಥಕ್ಕನದೇ. ಅವರಿಗೆ ತಡೆಯಲಾಗಲಿಲ್ಲ. ‘ಇಲ್ಲೆ ಹೇಳಿ ಎದ್ದು ನಿಂತು ಹೇಳ್ತು ನೋಡಿ! ಹಂಗಾರೆ ಗೈರುಹಾಜರಿ ಹಾಕ್ಲಾ ಕೂಸೇ?’ ಅಂದರು, ಅಕ್ಕರೆಯಿಂದಲೇ. ನಲವತ್ತು ಮಕ್ಕಳು ಒಮ್ಮೆಲೇ ನಕ್ಕರು. ಬಂಡೆ ಸಿಡಿದ ಸದ್ದು ಅದು. ಕಸ್ತೂರಿ ಎರಡೂ ಕಿವಿ ಮುಚ್ಚಿ ಬೆಂಚಿನ ಕೆಳಗೆ ಕುಳಿತಳು. ಹೆಡ್ ಮಾಸ್ಟರು ಓಡಿಬಂದು ‘ತಪ್ಪಾತು, ತಪ್ಪಾತು’ ಅಂದರು, ಎಷ್ಟು ಕರೆದರೂ ಅವಳು ಏಳಲಿಲ್ಲ. ನಾನು ಕಂಡಕ್ಟರನ ದನಿ ತೆಗೆಯಲು ನೋಡಿದೆ. ಆ ದನಿ ಬರಲಿಲ್ಲ. ಕೊನೆಗೆ ಶಾಂತಾ ಬೆಂಚಿನ ಕೆಳಗೆ ತೂರಿ ಅವಳನ್ನು ಎತ್ತಿಕೊಂಡಳು. ಶಾಲೆಗೆ ಸೇರಿಸುವ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದು, ಇನ್ನೊಂದು ವರ್ಷ ಕೊಡಿ ಎಂದು ಅತ್ತೆಯನ್ನು ಕೇಳಿದೆ, ಯಾರ ದನಿಯನ್ನೂ ತೆಗೆಯದೆ. ಅವರು ಮೇಜಿನ ಮೇಲಿದ್ದ ಪುಸ್ತಕವನ್ನು ಙ ತನಕ ತಿರುವಿದರು.

‘ಇದರ ಮುಂದ ಏನೈತ್ರಿ?’

‘ಇನ್ನೂ ಬರ್ದಿಲ್ಲ.’

‘ಒಂದ್ ವರ್ಷಕ್ಕ ಇಷ್ಟಽ?’

ಶಾಂತಾ ನನ್ನ ಪರವಾಗಿ ಏನಾದರೂ ಹೇಳುವಳೆಂದು ಕಾದೆ. ಅವಳು ಕಸ್ತೂರಿಯ ಅಂಗಿಗಳನ್ನು ಮಡಚತೊಡಗಿದ್ದಳು.

ಮರುದಿನ ಅತ್ತೆಯನ್ನೂ ಮಗಳನ್ನೂ ಸಾಗರದ ಬಸ್ಸಿಗೆ ಹತ್ತಿಸಿದೆವು. ಕಸ್ತೂರಿ ಬೋರ್ಡು ಓದಿ, ಕಿಟಕಿಯ ಪಕ್ಕ ಕುಳಿತು, ನನ್ನತ್ತ ನೋಡದೆ ‘ರೈಟ್’ ಅಂದಳು. ನನ್ನ ದನಿಯಲ್ಲಿ ಅಲ್ಲ, ಕಂಡಕ್ಟರನ ದನಿಯಲ್ಲಿ ಸಹ ಅಲ್ಲ. ನಾನು ತೆಗೆಯುವ ಕಂಡಕ್ಟರನ ದನಿಯಲ್ಲಿ.

ಮುಂದಿನ ವಾರ ಙ ಪುಟವನ್ನು ಖಾಲಿ ಬಿಟ್ಟೆ. ಒಂದು ಹಾಳೆ ಮಗುಚುವುದು, ಅಷ್ಟೇ ಕೆಲಸ. ಞ, ಣ ಬಂದಾಗಲೂ ಹಾಗೆಯೇ ಮಾಡಿದೆ. ಇಪ್ಪತ್ತು ದಿನದಲ್ಲಿ ಪುಸ್ತಕ ಳ ಮುಟ್ಟಿತು. ನನ್ನ ಬದುಕಿನಲ್ಲಿ ಮುಗಿದ ಮೊದಲ ಬರಹ. ಹ ಪುಟದಲ್ಲಿ ದೊಡ್ಡದಾಗಿ ಹಾಜರ್ ಎಂದು ಬರೆದು ಅಂಚೆಯಲ್ಲಿ ಗದಗಿಗೆ ಕಳಿಸಿದೆ.

ಹೋದ ವರ್ಷದ ದೀಪಾವಳಿಗೆ ಊರಿಗೆ ಬಂದಾಗ ನೀವೆಲ್ಲ ನನ್ನ ‘ಎಂತ’ ಕೇಳಿ ನಕ್ಕಿರಿ. ಅನುಕರಣೆ ಮಾಡುತ್ತಿದ್ದೇನೆಂದು ಚಪ್ಪಾಳೆಯನ್ನೂ ತಟ್ಟಿದಿರಿ. ನಾನು ಮಾಡುತ್ತಿರಲಿಲ್ಲ. ಇಲ್ಲಿ ನಾನು ಇನ್ನೂ ಗದಗಿನವನು. ಭಾಗೀರಥಕ್ಕ ಈಗಲೂ ದಿನಕ್ಕೊಮ್ಮೆ ಬೇಲಿಯಾಚೆಯಿಂದ ‘ಕೂಸಿನ ಕಾಗದ ಬಂತಾ?’ ಅನ್ನುತ್ತಾರೆ. ಬರದ ದಿನ ನಾನು ಕೊಡುವ ಉತ್ತರ ಅವರ ಮಾತಿನಲ್ಲೇ ಇರುತ್ತದೆ, ‘ಇಲ್ಲೆ’. ನಮ್ಮ ಮಾತಿನಲ್ಲಿ ಅದು ಸುಳ್ಳಾಗುತ್ತದೆ.

ನಿನ್ನೆ ಬಂತು. ಅತ್ತೆ ಬರೆದಿದ್ದಾರೆ. ಕೂಸು ಮಾಸ್ತರ ಅಣ್ಣನ ಹತ್ತಿರ ಲೆಕ್ಕ ಕಲಿಯುತ್ತದೆ, ರೊಟ್ಟಿ ತಿನ್ನುತ್ತದೆ. ಪುಸ್ತಕ ಮುಟ್ಟಿದೆ, ಆದರೆ ಹೊಸ ಪುಟ ತೆರೆಯುವುದಿಲ್ಲ, ಇ ಪುಟವನ್ನೇ ತೆಗೆದಿಟ್ಟುಕೊಂಡು ಕೂರುತ್ತದೆ. ‘ನಿಮ್ಮಪ್ಪ ಎಲ್ಲಿ ಅಂತ ಬಂದವರೆಲ್ಲ ಕೆಳತಾರ. ಎಲ್ಲಾರಿಗು ಒಂದ ಮಾತು. ಇಲ್ಲೆ ಅಂತದ.’

ಶಾಂತಾಳಿಗೆ ಓದಿ ಹೇಳಬೇಕಿತ್ತು. ಒಮ್ಮೆ ದೀರ್ಘ ಎಳೆಯಲು, ಒಮ್ಮೆ ಬಿಡಲು, ಎರಡು ರೀತಿಯಲ್ಲಿ ಬಾಯಿ ತೆರೆದು ನೋಡಿದೆ. ಎಲ್ಲರ ದನಿ ತೆಗೆಯುವವನು ನಾನು. ಅತ್ತೆಯ ಕೈಬರಹದಲ್ಲಿ ದೀರ್ಘವಿರುವುದಿಲ್ಲ. ಕಾಗದವನ್ನು ಅವಳ ಕೈಗೆ ಕೊಟ್ಟೆ. ಅವಳು ಮನಸ್ಸಿನಲ್ಲೇ ಓದಿಕೊಂಡಳು.